ನೆಟ್ಟಗಾಗಲು ಕಾಲ ಬೇಕು

(ಮಠದ ಮಾಸಿಕ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ನಿಮ್ಮ ಕಾಯಕದ ಬಗ್ಗೆ ನೀವೇ ಮಾತಾಡಿ" ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ ನಾನು ಹಿಂಜರಿದೆ. ಒಕ್ಕಲುತನ, ನೇಕಾರಿಕೆ, ಶಿಕ್ಷಕ ವೃತ್ತಿ ಎಂದರೆ ಇಂಥ ಸಭೆಗೆ ಒಪ್ಪುವ ವಿಷಯ. ನಾನು ಮಾಡುವುದು ಸ್ನೂಕರ್ ಮತ್ತು ಪೂಲ್ ಆಟದ ಕೋಲುಗಳನ್ನು. ಆಟಗಾರರು ಅದಕ್ಕೆ ಕ್ಯೂ ಎನ್ನುತ್ತಾರೆ. ಪೂಜ್ಯರು ನಕ್ಕು, "ಬರುವಾಗ ಒಂದು ಕೋಲು ತನ್ನಿ, ನಾವೂ ನೋಡೋಣ" ಎಂದರು. ತಂದಿದ್ದೇನೆ. ಮಾತು ಮುಗಿದ ಮೇಲೆ ಎಲ್ಲರೂ ಕೈಯಲ್ಲಿ ಹಿಡಿದು ನೋಡಬಹುದು.

ಸ್ನೂಕರ್ ಎಂದರೆ ನಮ್ಮ ಹಿರಿಯರ ಕಣ್ಣಿಗೆ ಬರುವುದು ಕಪ್ಪು ಗಾಜಿನ ಬಾಗಿಲು, ಸಿಗರೇಟಿನ ಹೊಗೆ, ಬಾಜಿ. ನಮ್ಮ ತಂದೆಯವರಿಗೂ ಹಾಗೆಯೇ ಇತ್ತು. ಅವರದು ಪೇಟೆಯಲ್ಲಿ ಸಣ್ಣ ಬಟ್ಟೆ ಅಂಗಡಿ. ಮಗ ಓದು ಬಿಟ್ಟು ಬಡಗಿಯೊಬ್ಬರ ಹತ್ತಿರ ಹತ್ತರಿ ಹಿಡಿಯಲು ಹೋದದ್ದನ್ನು ಹೇಗೋ ಸಹಿಸಿಕೊಂಡರು. ಆದರೆ ಕ್ಯೂ ಮಾಡುತ್ತೇನೆ ಎಂದಾಗ, "ಜೂಜುಕಟ್ಟಿಗೆ ಕೋಲು ಮಾಡಿಕೊಡಾಕ ನಮ್ಮ ಮನಿ ಹುಡುಗನ ಬೇಕಾತೇನು?" ಎಂದು ಎರಡು ತಿಂಗಳು ಮಾತು ಬಿಟ್ಟರು.

ಆಟದ ತಪ್ಪಲ್ಲ ಅದು. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಅದನ್ನು ಆಡತೊಡಗಿದರು. ಮುಂದೆ ಊಟಿಯ ಕ್ಲಬ್ಬಿನಲ್ಲಿ ನಿಯಮಗಳು ಬರಹಕ್ಕೆ ಬಂದವು. ಅದರ ಅಣ್ಣನಂತಿರುವ ಬಿಲಿಯರ್ಡ್ಸ್‌ನಲ್ಲಿ ವಿಲ್ಸನ್ ಜೋನ್ಸ್ 1958ರಲ್ಲಿ ವಿಶ್ವ ಅಮೆಚೂರ್ ಚಾಂಪಿಯನ್ ಆದರು. ನಮ್ಮ ಬೆಂಗಳೂರಿನಲ್ಲೇ ಆಟ ಕಲಿತ ಪಂಕಜ್ ಅಡ್ವಾನಿ 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ತಂದರು. ಬಾಜಿ ಕಟ್ಟುವವನು ಎತ್ತಿನ ಓಟಕ್ಕೂ ಕಟ್ಟುತ್ತಾನೆ. ಆದರೂ ತಂದೆಯವರ ಮಾತಿನಲ್ಲಿ ಸತ್ಯವೂ ಇತ್ತು. ಬಾಜಿ ನಡೆಯುವ ಮನೆಗಳಿಗೆ ನಾನು ಕೋಲು ಕೊಡುವುದಿಲ್ಲ, ದುರಸ್ತಿಗೂ ಹೋಗುವುದಿಲ್ಲ. ಇದರಿಂದ ಗಿರಾಕಿ ಕಡಿಮೆಯಾದದ್ದೂ ನಿಜ.

ಈಗ ಕೋಲಿಗೆ ಬರುತ್ತೇನೆ. ನೋಡಲು ಒಂದು ಬಡಿಗೆ. ಉದ್ದ ಸುಮಾರು 4 ಅಡಿ 10 ಇಂಚು, ತೂಕ ಹೆಚ್ಚುಕಡಿಮೆ ಅರ್ಧ ಕಿಲೋ. ಹಿಡಿಯ ಕಡೆ ಹೆಬ್ಬೆರಳಿಗಿಂತ ದಪ್ಪ. ಅಲ್ಲಿಂದ ಸಣ್ಣಗಾಗುತ್ತಾ ಹೋಗಿ, ಸ್ನೂಕರ್ ಕೋಲಾದರೆ ತುದಿಯಲ್ಲಿ 9ರಿಂದ 10 ಮಿಲಿಮೀಟರ್ ಉಳಿಯುತ್ತದೆ. ಪೂಲ್ ಆಟದ ಚೆಂಡು ದೊಡ್ಡದು, ಅದರ ಕೋಲಿನ ತುದಿ 12-13 ಮಿಲಿಮೀಟರ್. ಮುಂಭಾಗಕ್ಕೆ ಹೊರದೇಶದಿಂದ ಬರುವ ಆ್ಯಶ್ ಅಥವಾ ಮೇಪಲ್ ಮರ ಬೇಕು. ಹಿಡಿಗೆ ವಾಡಿಕೆಯಾಗಿ ಎಬೊನಿ ಎಂಬ ಕರಿಮರ. ನಾನು ಹಳೆಯ ಮನೆ ಕೆಡವಿದಾಗ ಸಿಗುವ ಬೀಟೆ ತೊಲೆಯನ್ನೂ ಬಳಸುತ್ತೇನೆ.

ಮೊದಲ ಕೆಲಸ ಮರ ಆರಿಸುವುದು. ಅದರ ಎಳೆ ತುದಿಯಿಂದ ಬುಡದವರೆಗೆ ನೇರವಾಗಿ ಓಡಿರಬೇಕು. ಎಳೆ ಪಕ್ಕಕ್ಕೆ ಜಾರಿದ್ದರೆ ಎಷ್ಟು ಚೆನ್ನಾಗಿ ಕೆತ್ತಿದರೂ ಒಂದು ದಿನ ಅದೇ ದಿಕ್ಕಿಗೆ ಬಾಗುತ್ತದೆ. ಆರಿಸಿದ ಪಟ್ಟಿಯನ್ನು ಮೊದಲು ಚೌಕ ಮಾಡಿ, ಒಂದು ತುದಿಗೆ ಸಪೂರಾಗುವಂತೆ ಹತ್ತರಿ ಹೊಡೆಯಬೇಕು. ನಾಲ್ಕು ಮೂಲೆ ತೆಗೆದರೆ ಎಂಟು ಮೂಲೆ, ಎಂಟು ತೆಗೆದರೆ ಹದಿನಾರು; ಆಮೇಲೆ ಗುಂಡಗಾಗುತ್ತದೆ. ಗುಂಡಗಾದಾಗ ಆ್ಯಶ್ ಮರದ ಎರಡು ಬದಿಯಲ್ಲಿ ಬಾಣದ ಮೊನೆಯಂಥ ಗೆರೆಗಳು ಸಾಲಾಗಿ ಏಳುತ್ತವೆ. ನಾವು ಬರೆದದ್ದಲ್ಲ, ಮರದ ವರ್ಷವರ್ಷದ ಬೆಳವಣಿಗೆಯೇ ಹಾಗೆ ಕಾಣುತ್ತದೆ.

ಹಿಡಿಯ ಜೋಡಣೆ ಕಷ್ಟದ್ದು. ಕೋಲಿನ ಬುಡವನ್ನು ನಾಲ್ಕು ಕಡೆ ಇಳಿಜಾರಾಗಿ ಸಮತಟ್ಟು ಮಾಡಿ, ಒಂದೊಂದು ಮುಖಕ್ಕೂ ಕಪ್ಪು ಮರದ ಹಲಗೆಯನ್ನು ಅಂಟಿಸಿ ಬಿಗಿಯಬೇಕು. ಎಲ್ಲ ಸೇರಿ ಗುಂಡಗೆ ಕೆತ್ತಿದಾಗ ಕಪ್ಪು ಮರ ನಾಲ್ಕು ಚೂಪು ಮೊನೆಗಳಾಗಿ ಬಿಳಿ ಮರದೊಳಗೆ ಏರುತ್ತದೆ. ನಾಲ್ಕೂ ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದು ಮುಖದಲ್ಲಿ ಕೂದಲೆಳೆಯಷ್ಟು ಹೆಚ್ಚು ಹೋದರೂ ಆ ಮೊನೆ ಬೇರೆಯವುಗಳ ಜೊತೆ ಸೇರುವುದಿಲ್ಲ. ಕೊನೆಗೆ ತುದಿಗೆ ಹಿತ್ತಾಳೆಯ ಬಳೆ, ಅದರ ಮೇಲೆ ಚರ್ಮದ ಬಿಲ್ಲೆ. ಈ ಚರ್ಮದ ತುದಿಯನ್ನು ಬಳಕೆಗೆ ತಂದ ಹಿರಿಮೆ 19ನೇ ಶತಮಾನದ ಆರಂಭದ ಫ್ರೆಂಚ್ ಸೇನಾಧಿಕಾರಿ ಮಿಂಗೋ ಅವರಿಗೆ ಸಲ್ಲುತ್ತದೆ. ಬರೀ ಮರದ ತುದಿಯಾದರೆ ಚೆಂಡಿನ ಮೇಲೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. ಅದರಿಂದಲೇ ಚೆಂಡನ್ನು ಬೇಕಾದಂತೆ ತಿರುಗಿಸಲು ಬರುತ್ತದೆ.

ಚರ್ಮ ಎಂದಾಗ ನಮ್ಮ ತಾಯಿಯವರು ಅದನ್ನು ಮನೆಯೊಳಗೆ ಇಡಬೇಡ ಎಂದಿದ್ದರು. ಆಗ ಮಾತು ಬಿಟ್ಟಿದ್ದ ತಂದೆಯವರೇ ಬಾಯಿ ತೆರೆದರು: "ಹರಳಯ್ಯನವರ ಹೆಸರು ಹೇಳಿ ಕೈ ಮುಗಿಯೂದು, ಚರ್ಮ ಕಂಡ್ರ ದೂರ ಸರಿಯೂದು, ಎರಡೂ ಕೂಡಿ ಹೆಂಗ ನಡೀತದ?" ಅಂದಿನಿಂದ ಬಿಲ್ಲೆಗಳ ಡಬ್ಬಿ ನಮ್ಮ ನಡುಮನೆಯ ಗೂಡಿನಲ್ಲೇ ಇದೆ.

ಇಷ್ಟೆಲ್ಲ ಕೈಯ ಕೆಲಸ. ಅದಕ್ಕಿಂತ ದೊಡ್ಡದು ಕಾಯುವ ಕೆಲಸ. ಮರ ಕಡಿದ ಮೇಲೂ ಹವೆಯ ತೇವ ಕುಡಿಯುತ್ತದೆ, ಬಿಡುತ್ತದೆ. ಒಂದು ಪದರ ಕೆತ್ತಿದಾಗ ಒಳಗೆ ಹಿಡಿದಿಟ್ಟ ಬಿಗುವು ಸಡಿಲಾಗಿ ಕೋಲು ತುಸು ಹೊರಳುತ್ತದೆ. ಅದಕ್ಕೇ ಸ್ವಲ್ಪ ಕೆತ್ತಿ, ತೂಗುಹಾಕಿ, ವಾರಗಟ್ಟಲೆ ಬಿಟ್ಟು, ಅದು ಬಾಗಿದಷ್ಟನ್ನು ಮುಂದಿನ ಕೆತ್ತನೆಯಲ್ಲಿ ತೆಗೆಯಬೇಕು. ಕಡೆಕಡೆಗೆ ಅದು ಹೊರಳುವುದನ್ನು ಬಿಡುತ್ತದೆ. ಬಲವಂತದಿಂದ ಬಗ್ಗಿಸಿ ನೆಟ್ಟಗೆ ಮಾಡಿದ್ದು ನಿಲ್ಲುವುದಿಲ್ಲ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಮಾಡಿದೆ. ಅದನ್ನು ಹೇಳಲೆಂದೇ ಇಂದು ಬಂದಿದ್ದೇನೆ.

ನಮ್ಮೂರಿನ ಆಟೋ ಚಾಲಕರೊಬ್ಬರ ಮಗ ರಾಜ್ಯಮಟ್ಟದ ಪಂದ್ಯಕ್ಕೆ ಹೊರಟಿದ್ದ. ವರ್ಷವಿಡೀ ಕೂಡಿಟ್ಟ ಹಣ ತಂದು, "ಅಣ್ಣಾರ, ಹದಿನೈದು ದಿನದಾಗ ಒಂದು ಕ್ಯೂ ಆಗಬೇಕ್ರಿ" ಎಂದ. ತೂಗುಹಾಕಿ ಹದವಾದ ಕೋಲು ಒಂದೂ ಇರಲಿಲ್ಲ. ಇದ್ದದ್ದು ಹಿಂದಿನ ತಿಂಗಳು ಬಂದ ಮರ. ಇಲ್ಲ ಎನ್ನಬೇಕಿತ್ತು. ಆ ತಿಂಗಳು ಅಂಗಡಿ ಬಾಡಿಗೆ ಕಟ್ಟುವುದಿತ್ತು. ಒಂಬತ್ತೇ ದಿನದಲ್ಲಿ ಚೌಕದಿಂದ ಗುಂಡಗಿನವರೆಗೆ ಕೆತ್ತಿ, ಅಗಸೆ ಎಣ್ಣೆ ತಿಕ್ಕಿ, ಹೊಳೆಯುವಂತೆ ಮಾಡಿ ಕೊಟ್ಟೆ. ಕೊಡುವ ದಿನ ಅದು ನೆಟ್ಟಗೇ ಇತ್ತು.

ಜೂನ್ ಮಳೆ ಹಿಡಿಯಿತು. ಮೂರನೆಯ ವಾರ ಹುಡುಗ ಅಂಗಡಿಗೆ ಬಂದ. ಮೊದಲ ಸುತ್ತಿನಲ್ಲೇ ಸೋತಿದ್ದ. ಏನೂ ಅನ್ನಲಿಲ್ಲ, ಕೋಲನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಉರುಳಿಸಿದ. ನಡುವೆ ಬೆಳಕು ಕಾಣುತ್ತಿತ್ತು. "ನಾನ ನೀಟಾಗಿ ಇಟ್ಕೊಳ್ಳಲಿಲ್ಲೇನೋ ಅಣ್ಣಾರ" ಎಂದ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡುಬಿಟ್ಟ! ಅವನು ಕೋಲಿನಿಂದ ಸೋತನೋ ಆಟದಿಂದ ಸೋತನೋ ಯಾರೂ ಹೇಳಲಾರರು. ಆದರೆ ಆ ಕ್ಷಣ ಸುಮ್ಮನಿದ್ದರೆ ಅವನು ಅದನ್ನೇ ನಂಬಿ ಹೋಗುತ್ತಿದ್ದ. ನಾನು ಸುಮ್ಮನಿದ್ದೆ. ಅವನು ಹೋದ.

ರಾತ್ರಿ ತಂದೆಯವರಿಗೆ ಹೇಳಿದೆ. ಅವರು ಬಟ್ಟೆಯ ಮಾತು ತೆಗೆದರು: "ತಮ್ಮಾ, ಮೊದಲನೇ ಒಗೆತಕ್ಕ ಕುಗ್ಗೂ ಅರಿವಿ ಅಂತ ಗೊತ್ತಿದ್ದು ಹೇಳದ ಮಾರಿದ್ರ, ಗಜಕಡ್ಡಿ ಎಷ್ಟ ಬರೋಬ್ಬರಿ ಇದ್ರೂ ಅದು ಮೋಸಾನ."

ಮರುದಿನ ಹುಡುಗನ ಮನೆಗೆ ಹೋಗಿ, ಅವರ ತಂದೆಯ ಎದುರಿಗೇ ನಿಜ ಹೇಳಿ, ಹಣ ಹಿಂತಿರುಗಿಸಿದೆ. ಹೊಸ ಮರ ಆರಿಸಿ ಅವನ ಹೆಸರು ಬರೆದು ತೂಗುಹಾಕಿದೆ. ಎಂಟು ತಿಂಗಳಾದ ಮೇಲೆ ಕೊಟ್ಟೆ. ಇಂದಿಗೂ ಅವನು ಆಡುವುದು ಅದರಲ್ಲೇ. ಅಂದಿನಿಂದ ನನ್ನ ಪ್ರತಿ ಕೋಲಿನ ಬುಡದಲ್ಲಿ ಪೆನ್ಸಿಲ್‌ನಿಂದ ತಾರೀಖು ಇರುತ್ತದೆ. ಒಂದು ಮಳೆಗಾಲ ಕಳೆಯದೆ ಯಾವುದೂ ಅಂಗಡಿ ದಾಟುವುದಿಲ್ಲ.

ಬಂಧುಗಳೇ, ಬಾಗಿದ ಕೋಲನ್ನೂ ತಂದಿದ್ದೇನೆ. ಅದನ್ನು ಎಸೆದಿಲ್ಲ. ಮಕ್ಕಳು ಮುಂದೆ ಬರಲಿ. ಒಂದು ಕಣ್ಣು ಮುಚ್ಚಿ ಎರಡೂ ಕೋಲುಗಳ ಉದ್ದಕ್ಕೆ ನೋಡಲಿ. ಹೊಳಪಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಯಾವುದು ಆತುರದ್ದು ಎಂದು ಅವರೇ ಹೇಳುತ್ತಾರೆ.