ಅಮ್ಮನ ಮರೆವಿಗೆ ಕಾರಣವಿದೆ

ಊರಿನಿಂದ ಚಾಕಣದ ನಿಮ್ಮ ಮನೆಗೆ ಬಂದ ಅಮ್ಮ ಕೇಳಿದ್ದನ್ನೇ ಹತ್ತು ಸಲ ಕೇಳುತ್ತಾರೆಯೇ? ರೇಗಬೇಡಿ, ‘ವಯಸ್ಸಾಯಿತು’ ಎಂದು ಸುಮ್ಮನಾಗಲೂ ಬೇಡಿ. ಅದು ಆಲ್‌ಝೈಮರ್ ಕಾಯಿಲೆ ಇರಬಹುದು.

ಇಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುವ ನಿಮಗೆ ಗೊತ್ತೇ ಇದೆ: ತಗಡು ಒಂದೇ ಆದರೂ ಕತ್ತರಿಸುವ ಜಾಗ ತಪ್ಪಿದರೆ ತುಂಡು ಕೆಡುತ್ತದೆ. ಮಿದುಳಿನ ನರಕೋಶದ ಪೊರೆಯಲ್ಲಿ ಎಪಿಪಿ ಎಂಬ ಪ್ರೋಟೀನ್ ಇದೆ. ಅದನ್ನು ಆಲ್ಫಾ ಕಿಣ್ವ ಕತ್ತರಿಸಿದರೆ ತೊಂದರೆಯಿಲ್ಲ. ಬೀಟಾ, ಆಮೇಲೆ ಗಾಮಾ ಕಿಣ್ವ ಕತ್ತರಿಸಿದರೆ ಅಮೈಲಾಯ್ಡ್ ಬೀಟಾ ಎಂಬ ತುಂಡು ಹುಟ್ಟುತ್ತದೆ. ಇದು ಎಲ್ಲರಲ್ಲೂ ಹುಟ್ಟುತ್ತದೆ, ಮಿದುಳು ಅದನ್ನು ಹೊರಹಾಕುತ್ತಲೂ ಇರುತ್ತದೆ. ಹೊರಹಾಕುವ ಕೆಲಸ ನಿಧಾನವಾದರೆ ತುಂಡುಗಳು ಒಂದಕ್ಕೊಂದು ಅಂಟಿ ಗಡ್ಡೆಕಟ್ಟುತ್ತವೆ. 1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ ವಿವರಿಸಿದ್ದು ಇಂಥ ಗಡ್ಡೆಗಳನ್ನೇ. ಮರೆವು ಕಾಣಿಸುವ ಎಷ್ಟೋ ವರ್ಷ ಮೊದಲೇ ಇವು ಶುರುವಾಗಿರುತ್ತವೆ. ಮುಂದೆ ಟಾವ್ ಎಂಬ ಇನ್ನೊಂದು ಪ್ರೋಟೀನೂ ಕೆಟ್ಟು ನರಕೋಶಗಳು ಸಾಯುತ್ತವೆ.

ಅಮೈಲಾಯ್ಡ್ ತೆಗೆಯುವ ಲೆಕನೆಮ್ಯಾಬ್ ಔಷಧಿಗೆ 2023ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟಿತು. ಅದು ಆರಂಭದ ಹಂತದಲ್ಲಿ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಹೋದ ನೆನಪನ್ನು ತರುವುದಿಲ್ಲ. ಆದ್ದರಿಂದ ಬೇಗ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬಂದ ಮರೆವಾದರೆ ಚಿಕಿತ್ಸೆಯಿದೆ.

ಒಂದು ಮಾತು ನೆನಪಿಡಿ. ಮರಾಠಿ, ಹಿಂದಿ ಬಾರದ ಅಮ್ಮ ಪರೀಕ್ಷೆಯಲ್ಲಿ ತಡವರಿಸಿದರೆ ಅದು ಮರೆವೇ ಆಗಿರಬೇಕಿಲ್ಲ. ಐಸಿಎಂಆರ್ ಸಿದ್ಧಪಡಿಸಿದ ನೆನಪಿನ ಪರೀಕ್ಷೆ ಕನ್ನಡದಲ್ಲೂ ಇದೆ. ವೈದ್ಯರನ್ನು ಕೇಳಿ, ಜೊತೆಗೆ ನೀವೂ ಹೋಗಿ.