ಕೊಳೆರೋಗದ ಎರಡು ಪಂಗಡ

ಆಟಿ ತಿಂಗಳಲ್ಲಿ ಎರಡು ದಿನ ಮಳೆ ಬಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಮೊದಲ ಕೆಲಸ ಅಡಿಕೆಗೆ ಮದ್ದು ಬಿಡುವುದು. ತಪ್ಪಿದರೆ ಎಳೆಯಡಿಕೆಯ ತೊಟ್ಟಿನ ಬಳಿ ನೀರು ಹಿಡಿದಂಥ ಕಡುಹಸಿರು ಕಲೆ ಮೂಡಿ, ಕಾಯಿ ಮರದ ಬುಡಕ್ಕೆ ಉದುರುತ್ತದೆ. ಇದೇ ಮಹಾಳಿ ಅಥವಾ ಕೊಳೆರೋಗ. ಇಂಗ್ಲಿಷಿನ ವಿಜ್ಞಾನಗ್ರಂಥಗಳಲ್ಲಿಯೂ ಅದು ‘ಕೊಳೆರೋಗ’ವೇ. ಕನ್ನಡದ ಶಬ್ದವೊಂದು ಲೋಕಸಂಚಾರ ಮಾಡಿದ್ದು ಹೆಮ್ಮೆಯ ಸಂಗತಿ. ಸಂದರ್ಭ ಮಾತ್ರ ಹೆಮ್ಮೆಯದಲ್ಲ.

ಮೈಸೂರು ಸರಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ಪುಸ್ತಿಕೆಯನ್ನೇ ಬರೆದರು. ಆಗ ಮಲೆನಾಡಿನವರು ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಹುಟ್ಟಿದ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣ ಅಡಿಕೆ ಮರ ಏರಿದ್ದು ಕೋಲ್ಮನ್ನರ ಪ್ರಯತ್ನದಿಂದ.

ರೋಗ ತರುವ ಜೀವಿ ಫೈಟಾಫ್ತೊರ, ಗ್ರೀಕಿನಲ್ಲಿ ‘ಸಸ್ಯನಾಶಕ’. ಬಹುಕಾಲ ಅದನ್ನು ಶಿಲೀಂಧ್ರವೆಂದೇ ಎಣಿಸಿದ್ದರು. ಈಗ ಅದು ಕಂದು ಪಾಚಿಯ ಬಂಧು ಎಂದು ಗೊತ್ತಾಗಿದೆ. ಮಳೆನೀರಿನಲ್ಲಿ ಎರಡೆರಡು ಬಾಲದ ಬೀಜಾಣುಗಳನ್ನು ಈಜಲು ಬಿಟ್ಟು ಹಬ್ಬುವುದು ಅದರ ನಿತ್ಯದ ಕಸುಬು. ಇದಕ್ಕೆ ಜೋಡಿ ಬೇಕಿಲ್ಲ. ಆದರೆ ಮರಿಗಳೆಲ್ಲ ತಾಯಿಯ ಪಡಿಯಚ್ಚು.

ಜೋಡಿಯ ವಿಚಾರ ವಿಚಿತ್ರವಾದುದು. ಇದರ ಅನೇಕ ಪ್ರಭೇದಗಳಲ್ಲಿ ಎ-1, ಎ-2 ಎಂಬ ಎರಡು ಪಂಗಡಗಳಿವೆ. ಇವನ್ನು ಗಂಡು, ಹೆಣ್ಣು ಎನ್ನಲಾಗದು. ಎರಡರಲ್ಲಿಯೂ ಎರಡು ಅಂಗಗಳೂ ಮೂಡಬಲ್ಲವು. ಆದರೆ ಎದುರು ಪಂಗಡದಿಂದ ರಾಸಾಯನಿಕ ಸಂಕೇತ ಬರುವವರೆಗೆ ಸಾಮಾನ್ಯವಾಗಿ ಮೂಡುವುದಿಲ್ಲ. ಎ-1ರ ಸಂಕೇತದ ರಚನೆಯನ್ನು ಜಪಾನಿನ ವಿಜ್ಞಾನಿಗಳು ಬಿಡಿಸಿದ್ದು 2005ರಲ್ಲಿ. ಇನ್ನೊಂದಕ್ಕೆ ಮೂಲದ್ರವ್ಯ ಫೈಟಾಲ್; ಅದು ಗಿಡದ ಪತ್ರಹರಿತ್ತಿನಲ್ಲಿರುವ ವಸ್ತು. ಬಲಿಯಾಗುವ ಗಿಡವೇ ಮದುವೆಗೂ ಸಾಮಗ್ರಿ ಒದಗಿಸುತ್ತದೆ ಎನ್ನಬೇಕು!

ಕೂಟದಿಂದ ಹುಟ್ಟುವುದು ದಪ್ಪಗೋಡೆಯ ಬೀಜಾಣು. ಮಣ್ಣಿನಲ್ಲಿ ಅದು ದೀರ್ಘಕಾಲ ಬದುಕಬಲ್ಲದು. ಅದರೊಳಗೆ ಎರಡು ಕಡೆಯ ಗುಣಗಳು ಹೊಸದಾಗಿ ಬೆರೆತಿರುತ್ತವೆ. ಔಷಧಕ್ಕೆ ಬಗ್ಗದ ಗುಣವೊಂದು ಹೆಚ್ಚು ಹಾನಿಕಾರಕವಾದ ತಳಿಗೆ ಸೇರುವುದು ಹೀಗೆ. ಆಲೂಗಡ್ಡೆಯ ಕಥೆ ಇಲ್ಲಿ ಪಾಠ ಹೇಳುತ್ತದೆ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ನೂಕಿದ್ದು ಇದೇ ಕುಲದ ಇನ್ನೊಂದು ಪ್ರಭೇದ. ಆ ಬಳಿಕ ಬಹುಕಾಲ ಯುರೋಪಿನಲ್ಲಿ ಕಂಡದ್ದು ಎ-1 ಮಾತ್ರ. ಎರಡೂ ಒಟ್ಟಿಗಿದ್ದುದು ಮೆಕ್ಸಿಕೋದಲ್ಲಿ. ಸ್ವಿಟ್ಜರ್‌ಲೆಂಡಿನಲ್ಲಿ ಎ-2 ಸಿಕ್ಕಿತೆಂಬ ವರದಿ 1984ರಲ್ಲಿ ಬಂದಾಗ ಸಸ್ಯರೋಗತಜ್ಞರ ನಿದ್ದೆ ಕೆಟ್ಟದ್ದು ಸಹಜ.

ನಮ್ಮ ತೋಟವಾದರೂ ಒಂದೇ ಬೆಳೆಯದಲ್ಲ. ಅಡಿಕೆ ಮರಕ್ಕೆ ಕರಿಮೆಣಸಿನ ಬಳ್ಳಿ, ನಡುವೆ ಕೊಕ್ಕೊ, ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರು. ಬಳ್ಳಿಯ ಸೊರಗು ರೋಗ, ಕೊಕ್ಕೊ ಕಾಯಿಯ ಕಪ್ಪುಕೊಳೆ, ರಬ್ಬರಿನ ಎಲೆ ಉದುರುವ ರೋಗ, ಎಲ್ಲವೂ ಫೈಟಾಫ್ತೊರ ಕುಟುಂಬದವು. ಅಡಿಕೆಯನ್ನು ಕೊಳೆಸುವ ‘ಮೀಡಿಐ’ ಪ್ರಭೇದಕ್ಕೆ 1918ರಲ್ಲಿ ಹೆಸರಿಟ್ಟದ್ದೇ ರಬ್ಬರಿನ ಮೇಲೆ ಕಂಡು. ಒಂದು ಪ್ರಭೇದದ ಸಂಕೇತ ಇನ್ನೊಂದನ್ನೂ ಎಚ್ಚರಿಸಬಲ್ಲದೆಂದು ಪ್ರಯೋಗಶಾಲೆಯಲ್ಲಿ ಕಂಡಿದೆ. ಹಾಗಾಗಿ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಇರುವ ಅಡಿಕೆ ಸಂಶೋಧನಾ ಕೇಂದ್ರದಂಥ ಕಡೆ, ರೋಗ ಯಾವುದೆಂಬ ಪ್ರಶ್ನೆಯಷ್ಟೇ ಪಂಗಡ ಯಾವುದೆಂಬ ಪ್ರಶ್ನೆಯೂ ಮುಖ್ಯ.

ಕೃಷಿಕನ ಕೈಯಲ್ಲಿ ಸದ್ಯಕ್ಕಿರುವುದು ಹಳೆಯ ಉಪಾಯಗಳೇ: ಮಳೆ ಹಿಡಿಯುವ ಮೊದಲು ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನಲುವತ್ತು ನಲುವತ್ತೈದು ದಿನ ಕಳೆದು ಇನ್ನೊಮ್ಮೆ. ಬುಡದಲ್ಲಿ ಬಿದ್ದ ಕೊಳೆತ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕುವ ಕೆಲಸ ಉಳಿಯುತ್ತದೆ. ಮರ ಹತ್ತುವವರಿಗೇ ಪರದಾಡುವ ಮಳೆಗಾಲದಲ್ಲಿ ಅದಕ್ಕೆ ಜನ ಸಿಗುವುದು ಕಷ್ಟ.