ಮೈಲಿಗೆಯ ಬೇರು ಎಲ್ಲಿದೆ?

(ಬಸವನ ಬಾಗೇವಾಡಿಯಲ್ಲಿ ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಸ್ಥರ ಮುಂದೆ ಮಾಡಿದ ಭಾಷಣ)



ಇಂಡಿಯ ನಿಂಬೆಹಣ್ಣಿನ ಶರಬತ್ತನ್ನು ನಾವೆಲ್ಲ ಕುಡಿಯುತ್ತೇವೆ. ಹಣ್ಣು ಹರಿದ ಕೈ ಯಾವ ಜಾತಿಯದೆಂದು ಕೇಳುವುದಿಲ್ಲ. ಸಿಂದಗಿಯ ತೊಗರಿ ರಾಶಿ ಮಾಡಿದವರನ್ನೂ ಕೇಳುವುದಿಲ್ಲ. ಅದೇ ಕೈ ಒಂದು ತಂಬಿಗೆ ನೀರು ಕೊಟ್ಟರೆ ಮಾತ್ರ ಹಲವರು ಹಿಂಜರಿಯುತ್ತಾರೆ. ಏಕೆ?

“ಹೇಸಿಕೆ ಬರುತ್ತದೆ, ಏನು ಮಾಡುವುದು?” ಎನ್ನುವವರಿದ್ದಾರೆ. ಹೇಸಿಕೆ ಸುಳ್ಳಲ್ಲ. 1986ರಲ್ಲಿ ಅಮೇರಿಕೆಯ ಮನಃಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಸತ್ತ ಜಿರಳೆಯನ್ನು ಕ್ರಿಮಿರಹಿತ ಮಾಡಿ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲವೆಂದು ತಿಳಿದರೂ ಜನರಿಗೆ ಆ ರಸ ಬೇಡವಾಯಿತು. ಮುಟ್ಟಿದ್ದು ಅಂಟಿಕೊಂಡಿತೆಂದು ಮನಸ್ಸು ನಂಬುತ್ತದೆ. ಬುದ್ಧಿಯ ಮಾತು ಕೇಳುವುದಿಲ್ಲ.

ಆದರೆ ಯಾವುದಕ್ಕೆ ಹೇಸಬೇಕೆಂಬುದನ್ನು ಕಲಿಸುವವರು ಹಿರಿಯರು. ತೊಟ್ಟಿಲ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಹೊಲಸೆಂದರೆ ತನ್ನ ಜಾಗದಲ್ಲಿ ಇಲ್ಲದ ವಸ್ತು ಎಂಬ ವಿಚಾರವನ್ನು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹೊಲದಲ್ಲಿದ್ದರೆ ಮಣ್ಣು, ಹಾಸಿಗೆಗೆ ಬಿದ್ದರೆ ಹೊಲಸು. ಮನುಷ್ಯರಿಗೂ ಹೀಗೆಯೇ ಜಾಗ ಗೊತ್ತುಮಾಡಿದ್ದಾರೆ. ಹೊಲದಲ್ಲಿ, ಗಿರಣಿಯಲ್ಲಿ ದುಡಿದರೆ ಮೈಲಿಗೆಯಿಲ್ಲ. ಪಂಕ್ತಿಯಲ್ಲಿ ಕುಳಿತರೆ, ಮನೆಯ ಹೆಣ್ಣು ಕೇಳಿದರೆ ಮೈಲಿಗೆ! ಲಾಭವಿದ್ದಲ್ಲಿ ಅದು ಮಲಗುತ್ತದೆ. ಸರಿಸಮಾನರಾಗಿ ನಿಂತರೆ ಎದ್ದು ಕೂಡುತ್ತದೆ. ಗಲ್ಲೆಯ ನೋಟಿಗೆ ಎಂದಾದರೂ ಮೈಲಿಗೆಯಾಗಿದೆಯೇ?

ಇದು ಬರೀ ತಂಬಿಗೆಯ ಮಾತಲ್ಲ. 2017ರಲ್ಲಿ ಮುದ್ದೇಬಿಹಾಳ ತಾಲೂಕಿನಲ್ಲಿ, ದಲಿತ ಯುವಕನನ್ನು ಮದುವೆಯಾದ ಅನ್ಯಮತದ ಗರ್ಭಿಣಿಯನ್ನು ತವರಿನವರೇ ಕೊಂದರು. ಹೆತ್ತ ಕರುಳನ್ನೂ ಕಲ್ಲು ಮಾಡುವ ಶಕ್ತಿ ಈ ಕಟ್ಟಳೆಗಿದೆ.

ಹನ್ನೆರಡನೆಯ ಶತಮಾನದಲ್ಲಿ ಇದರ ಬೇರಿಗೇ ಕೈಹಾಕಿದ ಬಸವಣ್ಣನವರು ಈ ನೆಲದವರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಜಾತಿಯೊಂದನ್ನೇ ಅಲ್ಲ, ಐದನ್ನೂ! ನಮ್ಮ ನುಡಿಯಲ್ಲಿ ‘ಮುಟ್ಟು’ ಎಂದರೆ ಸ್ಪರ್ಶವೂ ಹೌದು, ಹೆಂಗಸರ ತಿಂಗಳ ಸ್ರಾವವೂ ಹೌದು. ಹೊರಗೆ ಕೂಡಿಸಿದ ಮಗಳೂ ಹೊರಗೆ ನಿಲ್ಲಿಸಿದ ಕೂಲಿಯವನೂ ಒಂದೇ ಕಟ್ಟಳೆಗೆ ಸಿಕ್ಕವರು.

ಸಂವಿಧಾನದ 17ನೆಯ ವಿಧಿ 1950ರಲ್ಲಿಯೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಶಿಕ್ಷೆಯ ಕಾನೂನೂ ಬಂತು. ಆದರೆ ಪೋಲೀಸರು ಅಡಿಗೆಮನೆಗೆ ಬಂದು ಕಾಯಲಾರರು. ಕಲಿತದ್ದನ್ನು ಮರೆಯಬೇಕಾದವರು ನಾವೇ. ಮರೆಯುವುದೂ ಕೈಯಿಂದಲೇ ಆಗಬೇಕು. ಅಂಗಡಿಯವರೇ, ಎಲ್ಲರಿಗೂ ಒಂದೇ ಕಪ್ಪಿನಲ್ಲಿ ಚಹಾ ಕೊಡಿರಿ. ಗಿರಣಿಯ ಗೆಳೆಯರೇ, ಬುತ್ತಿ ಬಿಚ್ಚಿದಾಗ ಕೂಡಿ ಉಣ್ಣಿರಿ. ಮೊದಲ ದಿನ ಮನಸ್ಸು ಹಿಂಜರಿದೀತು. ಹಿಂಜರಿದರೂ ಕೈ ಚಾಚಿರಿ.